ಮ್ಯುಂಟರ್ ಗೆರೆಗೆ ಗಾಜಿನ ಋಣವೂ ಇದೆ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಜರ್ಮನ್ ಚಿತ್ರಕಲಾವಿದೆ ಗಾಬ್ರಿಯೆಲೆ ಮ್ಯುಂಟರ್ ಅವರ ಮುರ್ನಾವ್ ನಿಸರ್ಗಚಿತ್ರಗಳ ಬಗ್ಗೆ ಬಂದ ಲೇಖನ, ಮನೆ–ಬೆಟ್ಟಗಳ ಸುತ್ತಲಿನ ದಪ್ಪ ಗೆರೆ ಫ್ರಾನ್ಸಿನಿಂದ ಬಂದದ್ದು ಎಂದಷ್ಟೇ ಹೇಳಿ ಮುಗಿಸಿದೆ. ಅದು ಅರ್ಧ ಮಾತು.

1908ರ ಬೇಸಿಗೆಯಲ್ಲಿ ಮ್ಯುಂಟರ್, ಕ್ಯಾಂಡಿನ್‌ಸ್ಕಿ, ಯಾವ್ಲೆನ್ಸ್ಕಿ, ವೆರೆಫ್ಕಿನ್ ನಾಲ್ವರು ಕಲಾವಿದರೂ ಜರ್ಮನಿಯ ಬವೇರಿಯಾದ ಮುರ್ನಾವ್ ಊರಲ್ಲಿ ಒಟ್ಟಿಗೆ ಚಿತ್ರ ಬರೆದರು. ಸಪಾಟು ಬಣ್ಣಕ್ಕೆ ಗೆರೆಯ ಕಟ್ಟು ಹಾಕುವ ಫ್ರೆಂಚ್ ಚಿತ್ರಕಾರ ಗೋಗ್ಯಾಂ ಬಳಗದ ರೀತಿ ಯಾವ್ಲೆನ್ಸ್ಕಿ ಮೂಲಕ ಬಂತು, ನಿಜ. ಅಲ್ಲಿಯವರೆಗೆ ಮ್ಯುಂಟರ್ ಬಣ್ಣ ಹಚ್ಚುವ ಅಲಗಿನಿಂದ ಬಣ್ಣ ಮೆತ್ತುತ್ತಿದ್ದರು. ಆದರೆ ಆ ಗೆರೆ ಕೈಗೆ ಗಟ್ಟಿಯಾಗಿ ಕೂತದ್ದು ಗಾಜಿನ ಹಿಂಬದಿಗೆ ಬರೆಯುವ ಊರಿನ ಗಾಜುಚಿತ್ರಗಳಿಂದ. ಬಿಯರ್ ತಯಾರಕ ಯೋಹಾನ್ ಕ್ರೋಟ್ಸ್ ಅವರ ಸಂಗ್ರಹದಲ್ಲಿ ಅವನ್ನು ಕಂಡು, ಕಸುಬುದಾರ ಹೈನ್‌ರಿಶ್ ರಾಮ್‌ಬೋಲ್ಡ್ ಅವರಿಂದ ಕಲಿತರು.

ಗಾಜಿನ ಹಿಂಬದಿಗೆ ಬರೆಯುವಾಗ ಕ್ರಮವೇ ತಿರುಗುಮುರುಗು. ಮಾದರಿ ಹಾಳೆಯ ಮೇಲೆ ಗಾಜಿಟ್ಟು ಮೊದಲು ಹೊರಗೆರೆ ಎಳೆಯಬೇಕು. ಒಣಗಿದ ಮೇಲೆ ಕಣ್ಣು, ಹೂವು, ಬಟ್ಟೆಯ ಮಡಿಕೆ, ಆಮೇಲೆ ಮೈಬಣ್ಣ, ಕೊನೆಗೆ ಹಿನ್ನೆಲೆ. ಹಸಿಯಿದ್ದಾಗಲೇ ಬಣ್ಣ ತುಂಬಿದರೆ ಗೆರೆ ಕದಡುತ್ತದೆ. ಗಾಜಿಗೆ ಬೆರಳಿನ ಜಿಡ್ಡು ಅಂಟಿದ್ದರೆ ಬಣ್ಣ ಕಚ್ಚಿಕೊಳ್ಳದೆ ಮುಂದೆ ಹಕ್ಕಳೆಯಾಗಿ ಏಳುತ್ತದೆ. ಒಂದು ವಿವರ ಮರೆತರೆ ಮೇಲೆ ಬಳಿದು ಪ್ರಯೋಜನವಿಲ್ಲ, ಎದುರಿನಿಂದ ಅದು ಕಾಣುವುದೇ ಇಲ್ಲ, ಕೆರೆದೇ ತೆಗೆಯಬೇಕು. ಹಾಗಾಗಿ ಏನನ್ನು ಬಿಡುವುದೆಂದು ಕುಂಚ ಎತ್ತುವ ಮೊದಲೇ ಗೊತ್ತಿರಬೇಕು.

ಮ್ಯುಂಟರ್ ರಟ್ಟಿನ ಮೇಲೆ ಬರೆದ ತೈಲಚಿತ್ರಗಳನ್ನು ಇದೇ ಕಣ್ಣಿನಿಂದ ನೋಡಬೇಕು. ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಕಲಾ ಸಂಗ್ರಹಾಲಯದಲ್ಲಿರುವ ಚಿತ್ರವೊಂದರಲ್ಲಿ ಯಾವ್ಲೆನ್ಸ್ಕಿ, ವೆರೆಫ್ಕಿನ್ ಹುಲ್ಲಿನ ಇಳಿಜಾರಿನಲ್ಲಿ ಒರಗಿದ್ದಾರೆ. ಮುಖಕ್ಕೆ ಕಣ್ಣಿಲ್ಲ, ಮೂಗಿಲ್ಲ. ಹುಲ್ಲು ಒಂದು ಹಸಿರು ಹರವು, ಆಚೆ ನೀಲಿ ಬೆಟ್ಟ. ಆದರೂ ಇಬ್ಬರ ಮೈಭಂಗಿಯಲ್ಲಿ ಮಧ್ಯಾಹ್ನದ ಸೋಮಾರಿತನ ಪೂರ್ತಿ ಇದೆ. ತೈಲ ಹೀರುವ ರಟ್ಟಿನ ಮೇಲೆ ಬಣ್ಣ ಬೇಗ ಮಂಕಾಗುವುದರಿಂದ, ತಿದ್ದಿ ತೀಡುವ ಕೆಲಸಕ್ಕೆ ಅದೂ ಒಗ್ಗುವುದಿಲ್ಲ.

ಬೆಟ್ಟದ ಕಡುನೀಲಿಯೂ ಬರೀ ಕಲ್ಪನೆಯಲ್ಲ. ಆಲ್ಪ್ಸ್‌ನಿಂದ ಇಳಿಯುವ ಫ್ಯೋನ್ ಎಂಬ ಒಣ, ಬೆಚ್ಚನೆ ಗಾಳಿ ಬೀಸಿದ ದಿನ ಗಾಳಿ ತಿಳಿಯಾಗಿ, ದೂರದ ಸಾಲು ಕೈಗೆಟುಕುವಷ್ಟು ಹತ್ತಿರ ನಿಂತಂತೆ ಕಾಣುತ್ತದೆ.

ಲೇಖನದ ಜೊತೆಗಿನ ಚಿತ್ರವನ್ನು ಅಚ್ಚಿನಲ್ಲಿ ಎಷ್ಟು ಗಾಢ ಮಾಡಲಾಗಿದೆಯೆಂದರೆ, ಗೆರೆಗಳ ಪಕ್ಕ ಇಣುಕುವ ರಟ್ಟಿನ ಕಂದು ಮಾಯವಾಗಿದೆ. ಮುಂದೆ ಇಂಥ ಚಿತ್ರ ಹಾಕುವಾಗ ಬಣ್ಣ ಏರಿಸದೆ, ಅಡಿಬರಹದಲ್ಲಿ ಮಾಧ್ಯಮ ಮತ್ತು ಅಳತೆ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಚಿತ್ರಕಲಾ ಶಿಕ್ಷಕರೊಬ್ಬರು