ಎಂಜೈಮ್ ಜೋಳ: ಪರೀಕ್ಷೆ ಗಿರಣಿಯವರೆಗೂ ಬರಲಿ

ಮಾನ್ಯ ಸಂಪಾದಕರೆ,

ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗಾಗಿ ಮೆಕ್ಕೆಜೋಳದ ಬೇಡಿಕೆ ಏರುತ್ತಿದೆ. ಎಥೆನಾಲ್‌ಗೆಂದೇ ರೂಪಿಸಿದ ಕುಲಾಂತರಿ ಮೆಕ್ಕೆಜೋಳಕ್ಕೆ ಅಮೆರಿಕ 2011ರಲ್ಲೇ ಬೇಸಾಯದ ಅನುಮತಿ ಕೊಟ್ಟಿದೆ. ನಮ್ಮಲ್ಲಿ ವಾಣಿಜ್ಯ ಬೇಸಾಯದಲ್ಲಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ. ಆದರೂ ಇಂಥ ಬೀಜ ಬಾಗಿಲಿಗೆ ಬರುವ ಮುನ್ನವೇ ನಿಯಮ ಗಟ್ಟಿಯಾಗಬೇಕು.

ಈ ಮೆಕ್ಕೆಜೋಳದ ಕಾಳಿನೊಳಗೇ ಶಾಖ ತಡೆಯುವ ಆಲ್ಫಾ ಅಮೈಲೇಸ್ ಎಂಬ ಕಿಣ್ವ (ಎಂಜೈಮ್) ತಯಾರಾಗುತ್ತದೆ. ಬೇಯಿಸಿದ ಹಿಟ್ಟಿನ ಪಿಷ್ಟವನ್ನು ಕತ್ತರಿಸಿ ತೆಳುವಾಗಿಸುವುದೇ ಅದರ ಕೆಲಸ. ಕಾರ್ಖಾನೆಯಲ್ಲಿ ಹೊರಗಿನಿಂದ ಕಿಣ್ವ ಸುರಿಯುವ ಬದಲು, ಒಟ್ಟು ಜೋಳದಲ್ಲಿ ಇದನ್ನು ಒಂದು ಪಾಲು ಸೇರಿಸಿದರೆ ಸಾಕು.

ಆಹಾರ ಸುರಕ್ಷತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2008ರ ಮಾರ್ಗಸೂಚಿ ಇದೆ. ಹೊಸ ಪ್ರೋಟೀನು ಗೊತ್ತಿರುವ ಅಲರ್ಜಿಕಾರಕಗಳನ್ನು ಹೋಲುತ್ತದೆಯೇ, ಜಠರರಸದಂಥ ಆಮ್ಲ ಮತ್ತು ಜೀರ್ಣಕಿಣ್ವ ಪೆಪ್ಸಿನ್‌ನಲ್ಲಿ 37 ಡಿಗ್ರಿಗೆ ಒಡೆಯುತ್ತದೆಯೇ, ಇಲಿಗಳಿಗೆ ತಿನ್ನಿಸಿದರೆ ಏನಾಗುತ್ತದೆ ಎಂದೆಲ್ಲ ನೋಡುತ್ತಾರೆ. ಇವು ಬೇಕೇ ಬೇಕು. ಆದರೆ ಈ ಪರೀಕ್ಷೆಗಳನ್ನೆಲ್ಲ ಗೆದ್ದ ಕಾಳು ಕೂಡ ಅಡುಗೆ ಕೆಡಿಸಬಲ್ಲದು. ಅಮೆರಿಕದ ಹಿಟ್ಟಿನ ಗಿರಣಿಗಳವರು ಎತ್ತಿದ ಆಕ್ಷೇಪವೂ ಇದೇ.

ನಮ್ಮ ಕಡೆ ರೊಟ್ಟಿಗೆ ಎಸರು ಕುದಿಸಿ ಬಿಳಿಜೋಳದ ಹಿಟ್ಟಿಗೆ ಹಾಕಿ ನಾದುತ್ತೇವೆ. ಆ ಬಿಸಿಗೆ ಪಿಷ್ಟ ಬೆಂದು ಹಿಟ್ಟಿಗೆ ಜಿಗಿ ಬರುತ್ತದೆ. ಈ ಕಿಣ್ವ ಚುರುಕಾಗುವುದು ಬೆಂದ ಪಿಷ್ಟದ ಮೇಲೆಯೇ. ಕುದಿನೀರಿಗೂ ಅದು ಸಾಯುವುದಿಲ್ಲ. ಮೆಕ್ಕೆಜೋಳದ ಪರಾಗ ಬಿಳಿಜೋಳಕ್ಕೆ ಕಟ್ಟುವುದಿಲ್ಲ, ಆ ಭಯ ಬೇಡ. ಆದರೆ ರಾಶಿ ಯಂತ್ರ, ಅಡತಿ ಅಂಗಡಿ, ಗೋಣಿಚೀಲ, ಊರಿನ ಗಿರಣಿ ಎಲ್ಲವೂ ಒಂದೇ. ಮೆಕ್ಕೆಜೋಳ ಬೀಸಿದ ಕಲ್ಲಿಗೇ ಬಿಳಿಜೋಳ ಬೀಳುತ್ತದೆ. ಎಷ್ಟು ಬೆರಕೆಯಾದರೆ ರೊಟ್ಟಿ ಹರಿಯುತ್ತದೆ, ಎಷ್ಟಕ್ಕೆ ಅಂಬಲಿ ನೀರಾಗುತ್ತದೆ ಎಂಬುದನ್ನು ಅರ್ಜಿದಾರ ಕಂಪನಿಯ ವರದಿ ಮಾತ್ರ ನೋಡಿ ಒಪ್ಪಬಾರದು. ರಾಯಚೂರು ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆ ನಮ್ಮ ಅಡುಗೆಯ ಕ್ರಮದಲ್ಲೇ ಅಳೆದು ನೋಡಬೇಕು.

ಬೆರಕೆ ಬರೀ ಊಹೆಯಲ್ಲ. ಪಶು ಆಹಾರಕ್ಕೆ ಮಾತ್ರ ಒಪ್ಪಿಗೆಯಿದ್ದ ಸ್ಟಾರ್‌ಲಿಂಕ್ ಎಂಬ ಕುಲಾಂತರಿ ಮೆಕ್ಕೆಜೋಳ 2000ರಲ್ಲಿ ಅಮೆರಿಕನ್ನರ ಊಟದ ತಟ್ಟೆಯಲ್ಲೇ ಸಿಕ್ಕಿತು. 2002ರಲ್ಲಿ ನೆಬ್ರಾಸ್ಕಾದಲ್ಲಿ, ಹಿಂದಿನ ವರ್ಷ ಔಷಧಕ್ಕೆ ಬೇಕಾದ ಪ್ರೋಟೀನು ತಯಾರಿಸುವ ಮೆಕ್ಕೆಜೋಳ ಬೆಳೆದಿದ್ದ ಹೊಲದಲ್ಲಿ ಸೋಯಾ ಬಿತ್ತಿದರು. ಉದುರಿದ ಕಾಳು ತಾನಾಗಿ ಮೊಳೆತು ಸೋಯಾ ರಾಶಿಯಲ್ಲಿ ಸೇರಿತು. ಸುಮಾರು 5 ಲಕ್ಷ ಬುಷೆಲ್ (ಅಮೆರಿಕದ ಧಾನ್ಯದ ಅಳತೆ) ಸೋಯಾ ತಡೆಹಿಡಿಯಬೇಕಾಯಿತು, ಆ ಮೆಕ್ಕೆಜೋಳದ ಪ್ರಾಡಿಜೀನ್ ಕಂಪನಿಗೆ ದಂಡ ಬಿತ್ತು. ಬೀದರಿನ ಮುಂಗಾರಿನಲ್ಲಿ ಸೋಯಾ ಎಷ್ಟಿದೆ ಎಂದು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪ್ರಯೋಗ ನಡೆದ ಹೊಲದಲ್ಲಿ ಮರುವರ್ಷ ಆಹಾರದ ಬೆಳೆ ಹಾಕಬಾರದು. ಮಳೆ ಬಿದ್ದಾಗಲೆಲ್ಲ ತಾನಾಗಿ ಹುಟ್ಟಿದ ಸಸಿಗಳನ್ನು ಸೂಲಂಗಿ ಹೊರಡುವ ಮುನ್ನವೇ ಕಿತ್ತು ದಾಖಲೆ ಇಡಬೇಕು.

ಬೆರಕೆ ಪತ್ತೆಗೆ ಪ್ರೋಟೀನ್ ಗುರುತಿಸುವ ಪರೀಕ್ಷಾ ಪಟ್ಟಿಗಳಿವೆ (ಸ್ಟ್ರಿಪ್): ಕಾಳು ಪುಡಿಮಾಡಿ, ನೀರು ಹಾಕಿ ಕುಲುಕಿ, ಪಟ್ಟಿ ಅದ್ದಿದರೆ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತದೆ. ಎಡವಟ್ಟಾಗುವುದು ಮಾದರಿ ತೆಗೆಯುವಾಗ. ಸಾವಿರಕ್ಕೊಂದು ಕಾಳಿನ ಬೆರಕೆಯನ್ನು ಶೇ 95ರ ಭರವಸೆಯಲ್ಲಿ ಹಿಡಿಯಲು ಸುಮಾರು 3,000 ಕಾಳು, ಅಂದರೆ ಹೆಚ್ಚುಕಡಿಮೆ ಒಂದು ಕೆಜಿ ಬೇಕು. ಹತ್ತು ಸಾವಿರಕ್ಕೊಂದಾದರೆ 30,000 ಕಾಳು. ಮೇಲಿನ ಒಂದು ಚೀಲದಿಂದ ಹಿಡಿ ಕಾಳು ತೆಗೆದು ‘ಇಲ್ಲ’ ಎಂದು ಬರೆದರೆ ಆ ವರದಿಗೆ ಬೆಲೆಯಿಲ್ಲ. ಹಲವು ಚೀಲಗಳ ಮೇಲೆ, ನಡುವೆ, ಕೆಳಗೆ ಬಂಬು (ಮಾದರಿ ತೆಗೆಯುವ ಕೊಳವೆ) ಚುಚ್ಚಿ ತೆಗೆಯಬೇಕು. ಪಟ್ಟಿಗೂ ಒಂದು ಮಿತಿ ಇರುವುದರಿಂದ ಮಾದರಿಯನ್ನು ಸಣ್ಣ ಪಾಲು ಮಾಡಿ ಬೇರೆಬೇರೆಯಾಗಿ ನೋಡಬೇಕು.

ಕುಲಾಂತರಿಗಳಿಗೆ ಅನುಮತಿ ಕೊಡುವ ಕೇಂದ್ರದ ಸಮಿತಿ ಜಿಇಎಸಿ ಒಪ್ಪಿದರೆ ಕೆಲಸ ಮುಗಿಯುವುದಿಲ್ಲ. ಕುಲಾಂತರಿ ಜೀವಿಗಳ ಕುರಿತ 1989ರ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಯೂ ಉಸ್ತುವಾರಿ ನೋಡಬೇಕು. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಡಳಿತಗಳು ಈ ಸಮಿತಿಯ ಸದಸ್ಯರ ಪಟ್ಟಿ ಮತ್ತು ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಪ್ರಕಟಿಸಲಿ. ಪ್ರಯೋಗಕ್ಕೆ ಅರ್ಜಿ ಬಂದರೆ ಹೊಲದ ಸರ್ವೆ ನಂಬರ್ ಗ್ರಾಮ ಪಂಚಾಯಿತಿಗೆ ಬಿತ್ತನೆಗೆ ಮೊದಲೇ ತಿಳಿಸಲಿ. ಪರೀಕ್ಷಾ ಪಟ್ಟಿಗಳ ಖರ್ಚು, ಬೆರಕೆಯಾದ ಮಾಲಿನ ಪರಿಹಾರ ಎರಡಕ್ಕೂ ಕಂಪನಿ ಮುಂಗಡ ಠೇವಣಿ ಇಡಬೇಕು ಎಂಬ ಷರತ್ತನ್ನು ರಾಜ್ಯ ಸರ್ಕಾರ ತನ್ನ ನಿರಾಕ್ಷೇಪಣಾ ಪತ್ರದಲ್ಲೇ ಸೇರಿಸಲಿ.

– ಕೃಷಿ ಮತ್ತು ಆಹಾರ ಪರೀಕ್ಷಾ ಕ್ಷೇತ್ರದ ಓದುಗರು, ಕಲಬುರಗಿ