ಅಮಿನಿದಿವಿಯನ್ನು ನಮ್ಮ ಜಿಲ್ಲೆ ಮರೆಯಬಾರದು

ಮಾನ್ಯ ಸಂಪಾದಕರೇ,

ಲಕ್ಷದ್ವೀಪ ಸುದ್ದಿಯಾದಾಗಲೆಲ್ಲ ಪತ್ರಿಕೆಗಳಲ್ಲಿ ಬರುವುದು ನೀಲಿ ನೀರು, ಬಿಳಿ ಮರಳಿನ ಚಿತ್ರಗಳೇ. ಅಲ್ಲಿ ಬದುಕುವವರ ಪಾಡು ಏನೆಂದು ಬರೆಯುವವರು ಕಡಿಮೆ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ: ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ, ಅಮಿನಿದಿವಿ ಎಂದು ಕರೆಯುವ ಲಕ್ಷದ್ವೀಪದ ಈ ಐದೂ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹಗ್ಗ ತಂದು, ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ಅಲ್ಲಿ ಭತ್ತ ಬೆಳೆಯಲು ನೆಲವೆಲ್ಲಿದೆ? ಇಡೀ ಲಕ್ಷದ್ವೀಪದ ನೆಲ ಸುಮಾರು 32 ಚದರ ಕಿಲೋಮೀಟರ್. ಜನವಸತಿ ಇರುವುದು 10 ದ್ವೀಪಗಳಲ್ಲಿ. 2011ರ ಜನಗಣತಿಯಲ್ಲಿ ಬಿತ್ರಾದಲ್ಲಿದ್ದವರು 271 ಮಂದಿ. ಇಂದಿಗೂ ಆಸರೆ ತೆಂಗು ಮತ್ತು ಟ್ಯೂನಾ ಮೀನು.

ಇನ್ನು ಆಡಳಿತ. ಅಲ್ಲಿ ವಿಧಾನಸಭೆಯಿಲ್ಲ. ಲೋಕಸಭೆಗೆ ಒಬ್ಬ ಸದಸ್ಯ, ಉಳಿದಂತೆ ರಾಷ್ಟ್ರಪತಿ ನೇಮಿಸುವ ಆಡಳಿತಾಧಿಕಾರಿ. ಭೂಮಿ, ಮೀನುಗಾರಿಕೆಯ ನಿಯಮ ಬದಲಿಸುವ ಮುನ್ನ ದ್ವೀಪದವರ ಮಾತು ಕೇಳಲೇಬೇಕು. ಅಷ್ಟು ಕಿರಿದಾದ ನೆಲದಲ್ಲಿ ತಪ್ಪು ನಿರ್ಧಾರವಾದರೆ ಸರಿದು ನಿಲ್ಲಲು ಜಾಗವಿರುವುದಿಲ್ಲ. ತಮ್ಮ ವರದಿಗಾರರನ್ನು ಒಮ್ಮೆ ಅಮಿನಿಗೆ ಕಳುಹಿಸಿ. ನಮ್ಮ ಶಾಲೆಗಳ ಜಿಲ್ಲಾ ಚರಿತ್ರೆಯ ಪಾಠದಲ್ಲೂ ಈ ಐದು ಹೆಸರು ಸೇರಲಿ.

– ನಿವೃತ್ತ ಭೂಗೋಳ ಶಿಕ್ಷಕ, ಬಂದರು, ಮಂಗಳೂರು