ಕಾಫಿ ಬೆಳೆಯುವವರಿಗೇ ಕಾಫಿ ಮಾರುವುದು ಹೇಗೆ?

ಮಾನ್ಯ ಸಂಪಾದಕರೇ,

ದೇಶಗಳ ಒಕ್ಕೂಟದ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ರೈತರ ಬೆಳೆಗೆ ಹೊರದೇಶದ ಬಾಗಿಲು ತೆರೆಯುತ್ತದೆ ಎಂಬ ಲೇಖನವನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮೂಡಿಗೆರೆ ಹತ್ತಿರ ನಮ್ಮದು ಆರು ಎಕರೆ ತೋಟ. ರೋಬಸ್ಟಾ ಕಾಫಿ ಇದೆ, ಸಿಲ್ವರ್ ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ನನ್ನ ಅನುಭವ ಸ್ವಲ್ಪ ಬೇರೆ.

ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್ ಜೊತೆಗಿನ ಒಪ್ಪಂದ 2010ರ ಜನವರಿಯಲ್ಲಿ ಜಾರಿಗೆ ಬಂತು. ಅಲ್ಲಿ ನಮ್ಮ ಕಾಫಿಗೆ ಗಿರಾಕಿ ಯಾರು? ವಿಯೆಟ್ನಾಂ, ಇಂಡೋನೇಷ್ಯಾ ಎರಡೂ ನಮಗಿಂತ ಜಾಸ್ತಿ ಕಾಫಿ ಬೆಳೆಯುತ್ತವೆ. ಮೆಣಸಿನಲ್ಲಂತೂ ವಿಯೆಟ್ನಾಂ ಜಗತ್ತಿಗೇ ಮೊದಲು. ತೆಂಗಿನಕಾಯಿ ಮಾರಲು ಅರಸೀಕೆರೆಗೆ ಹೋದ ಹಾಗಾಯಿತು. ಇತ್ತ ನಾವು ಮೆಣಸಿನ ಆಮದು ಸುಂಕವನ್ನು ಹಂತಹಂತವಾಗಿ ಶೇ 70ರಿಂದ 50ಕ್ಕೆ, ಕಾಫಿಯದ್ದನ್ನು ಶೇ 100ರಿಂದ 45ಕ್ಕೆ ಇಳಿಸಲು ಒಪ್ಪಿಕೊಂಡೆವು.

ಶೇ 50 ಕಮ್ಮಿಯೇನಲ್ಲ, ಸರಿ. ಆದರೆ ಬೇಲಿಯಲ್ಲಿ ಇನ್ನೊಂದು ಕಂಡಿ ಇತ್ತು. ಶ್ರೀಲಂಕಾ ಜೊತೆಗಿನ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲ. ಅದಕ್ಕೂ ಮೀರಿದರೆ ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾ ಲೆಕ್ಕದಲ್ಲಿ ಶೇ 8. ವಿಯೆಟ್ನಾಂ ಮೆಣಸು ಲಂಕೆಯಲ್ಲಿ ಬೆಳೆದದ್ದೆಂಬ ಕಾಗದ ಇಟ್ಟುಕೊಂಡು ಬರುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ಕೂಗಾಡಿದ್ದು ಇದಕ್ಕೇ.

2016ರ ಸುಮಾರಿಗೆ ಕಿಲೋಗೆ 700 ರೂಪಾಯಿ ಹತ್ತಿರ ಮಾರಿದ್ದ ಮೆಣಸನ್ನು ಎರಡು ವರ್ಷದ ನಂತರ 350ಕ್ಕೆ ಕೊಟ್ಟು ಬಂದೆ. ವ್ಯಾಪಾರಿ ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳು ಎಷ್ಟು ತೂಗುತ್ತದೆ ಎಂದು) ನೋಡಿ ‘ಮಾಲು ಚೆನ್ನಾಗಿದೆ’ ಎಂದರು. ದರ ಕೇಳಿದ್ದಕ್ಕೆ ಮೂಲೆಯ ಚೀಲದಿಂದ ಒಂದು ಹಿಡಿ ತೆಗೆದು ತೋರಿಸಿದರು. ‘ಇದೂ ಕರಿಮೆಣಸೇ ಅಲ್ವಾ ಗೌಡ್ರೇ?’ ನನಗೆ ಉತ್ತರ ಹೊಳೆಯಲಿಲ್ಲ. ಆಗ ಹೊರಗೆಲ್ಲ ಬೆಳೆ ಜಾಸ್ತಿಯಾಗಿತ್ತು, ಸುಮ್ನೆ ಎಲ್ಲವನ್ನೂ ಒಪ್ಪಂದದ ತಲೆಗೆ ಕಟ್ಟುವುದಿಲ್ಲ. ಆದರೆ 2017ರ ಡಿಸೆಂಬರ್‌ನಲ್ಲೇ ಸರ್ಕಾರ ಕಿಲೋಗೆ 500 ರೂಪಾಯಿಗಿಂತ ಅಗ್ಗದ ಮೆಣಸು ಹೊರಗಿಂದ ಬರಬಾರದೆಂದು ಕನಿಷ್ಠ ಆಮದು ದರ ತಂದಿತ್ತು. ಆದರೂ ನನಗೆ ಸಿಕ್ಕಿದ್ದು 350.

ಹಾಗಂತ ಒಪ್ಪಂದವೇ ಬೇಡ ಎನ್ನುವವನಲ್ಲ ನಾನು. ನಮ್ಮ ಕಾಫಿ ಹೆಚ್ಚಾಗಿ ಹೋಗುವುದು ಇಟಲಿ, ಜರ್ಮನಿಗೆ. ಅಲ್ಲಿ ಕುಡಿಯುವವರಿದ್ದಾರೆ, ಪೈಪೋಟಿಗೆ ತೋಟಗಳಿಲ್ಲ. ಹುರಿಯದ ಬೀಜಕ್ಕೆ ಯುರೋಪಿನಲ್ಲಿ ಯಾರಿಗೂ ಸುಂಕವಿಲ್ಲ. ಸುಂಕ ಬೀಳುವುದು ಹುರಿದದ್ದಕ್ಕೆ, ಇನ್‌ಸ್ಟಂಟ್ ಪುಡಿಗೆ. ವಿಯೆಟ್ನಾಂ 2020ರ ಆಗಸ್ಟ್‌ನಿಂದಲೇ ಅದರಲ್ಲೂ ರಿಯಾಯಿತಿ ಪಡೆದಿದೆ. ಇಂಥ ಒಪ್ಪಂದದ ಲಾಭ ಮೊದಲು ಪುಡಿ ಮಾಡಿ ಕಳಿಸುವ ಕಾರ್ಖಾನೆಗೆ. ಅದರಲ್ಲಿ ಎಷ್ಟು ಪಾಲು ನಮ್ಮ ಕಣದವರೆಗೆ ಬರುತ್ತದೆ ಎಂದು ಲೇಖಕರು ಬರೆಯಬೇಕಿತ್ತು.

ಇನ್ನೊಂದು ಮಾತು. ಬಂದರಿನಲ್ಲಿ ಕಾಗದ ನೋಡುವವರು ದಯವಿಟ್ಟು ಚೀಲವನ್ನೂ ಬಿಚ್ಚಿ ನೋಡಲಿ.

– ಒಬ್ಬ ಸಣ್ಣ ಬೆಳೆಗಾರ, ಮೂಡಿಗೆರೆ ತಾಲ್ಲೂಕು